ಮಣ್ಣು ಹಾಕದ ಮಾಳಿಗೆ

ಕಸ್ತೂರೆಮ್ಮನ ಮಾಳಿಗೆಯ ಮೇಲೆ ಹೊಸ ಮಣ್ಣು ಬಿದ್ದಿಲ್ಲ ಎಂಬುದನ್ನು ಹುಲಗಪ್ಪ ಅವತ್ತೂ ಮುಖಕ್ಕೆ ನೀರು ಹಾಕಿಕೊಳ್ಳುವ ಮೊದಲೇ ನೋಡಿದ. ಮಾಳಿಗೆಯ ಮೇಲೆ ಮಲಗಿದ್ದ ಹಾಸಿಗೆ ಸುತ್ತುತ್ತಾ, ನೋಡಿಯೂ ನೋಡದವನಂತೆ ನೋಡಿದ. ಅವಳದಕ್ಕಷ್ಟೇ ಅಲ್ಲ, ಅದರಾಚೆಯದಕ್ಕೂ ಇಲ್ಲ, ಅದರಾಚೆಯದಕ್ಕೂ ಇಲ್ಲ, ಕಟ್ಟಕಡೆಯ ಗವಿಸಿದ್ದೇಶನ ಮಾಳಿಗೆಯಂತೂ ಹೋದ ವರ್ಷದ ಮಣ್ಣು ಬಿರಿದು ಒಣಹುಲ್ಲಿನ ಬೇರು ಬಿಟ್ಟುಕೊಂಡು ಕೂತಿತ್ತು. ಉಡದಗುಡ್ಡದ ಇಳಿಜಾರಿಗೆ ಅಂಟಿಕೊಂಡ ಈ ಹಟ್ಟಿಯ ಮನೆಗಳು ಒಂದರ ಗೋಡೆಗೆ ಒಂದು ಬೆನ್ನು ಕೊಟ್ಟು ನಿಂತಂಥವು. ಎಲ್ಲಕ್ಕಿಂತ ಮೇಲಿನದು ಹುಲಗಪ್ಪನದು, ಹಿರೇಮನಿ. ಅದರ ಮಾಳಿಗೆಯಿಂದ ಒಂದು ಮೆಟ್ಟಿಲಷ್ಟು ಇಳಿದರೆ ಕಸ್ತೂರೆಮ್ಮನ ಮಾಳಿಗೆ, ಅಲ್ಲಿಂದ ಇಳಿದರೆ ಮುಂದಿನದು, ಹೀಗೆ ನೆಲಕ್ಕೆ ಕಾಲಿಡದೆ ಕೊನೆಯ ಮನೆಯವರೆಗೂ ಹೋಗಬಹುದು. ರೋಹಿಣಿ ಮಳೆ ಕೂಡುವ ಮೊದಲು ಕೆಳಗಿನ ಬಯಲಿನಿಂದ ಸವಳುಮಣ್ಣು ತರಿಸಿ ಮಾಳಿಗೆಗೆ ಹಾಕಿ ತುಳಿಯಬೇಕು. ಆ ಉಪ್ಪುಮಣ್ಣು ಮಳೆಗೆ ಅಂಟಾಗಿ ಕೂತು ಒಂದು ಹನಿಯನ್ನೂ ಕೆಳಗೆ ಬಿಡುವುದಿಲ್ಲ. ಹಾಕದಿದ್ದರೆ ಮೊದಲ ಮಳೆಗೇ ಒಲೆಯೊಳಗೆ ನೀರು. ಅಂದಮೇಲೆ ಯಾವನು ಮಣ್ಣು ಹಾಕಿಲ್ಲವೋ ಅವನು ಮಳೆಗಾಲಕ್ಕೆ ಆ ಮನೆಯಲ್ಲಿ ಇರುವವನಲ್ಲ. ಇದಕ್ಕೆ ಬೇರೆ ಸಾಕ್ಷಿ ಯಾಕೆ ಬೇಕು? ಹುಲಗಪ್ಪ ಹಾಸಿಗೆಯನ್ನು ಹೆಗಲಿಗೆ ಹಾಕಿಕೊಂಡು ಏಣಿ ಇಳಿದ.

ತನ್ನದೂ ಬೋಳು ಮಾಳಿಗೆಯೇ ಎಂಬುದು ಅವನಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ತನ್ನ ಮಾತು ಬೇರೆ. ತಾನು ಬೇಕೆಂದೇ ತಡೆದಿದ್ದ. ಯಾರು ಹಾಕುತ್ತಾರೆ, ಯಾರು ಹಾಕುವುದಿಲ್ಲ, ನೋಡೇಬಿಡೋಣ ಎಂದು ಮೈಯೆಲ್ಲ ಕಣ್ಣಾಗಿ ಕಾಯುತ್ತಿದ್ದ. ಗುಡ್ಡ ಅಭಿವೃದ್ಧಿಯಾಗುತ್ತದೆ ಎಂಬ ಸುದ್ದಿ ಸಂಕ್ರಾಂತಿಯ ಹೊತ್ತಿಗೆ ಬಂದಾಗಿನಿಂದ ಅವನಿಗೆ ಹಟ್ಟಿಯ ಯಾರ ಮುಖವೂ ನೆಟ್ಟಗೆ ಕಂಡಿಲ್ಲ. ಹನುಮನಹಳ್ಳಿಗೆ ಬರುವ ಜನ ಅಂಜನಾದ್ರಿ ಹತ್ತಿ ಇಳಿದು ಕೈಕಾಲು ತೊಳೆದುಕೊಂಡು ಹೋಗಿಬಿಡುತ್ತಾರಂತೆ. ಈ ಕಡೆಯದೊಂದು ಗುಡ್ಡ ಸುಧಾರಿಸಿದರೆ ಒಂದು ರಾತ್ರಿ ಉಳಿಯುತ್ತಾರಂತೆ. ಹಟ್ಟಿ ಇರುವ ಜಾಗದಲ್ಲಿ ಗಾಡಿ ನಿಲ್ಲಿಸುವ ಬಯಲು, ಸೂರ್ಯ ಮುಳುಗುವುದನ್ನು ನೋಡಲು ಕಟ್ಟೆ, ಮೇಲಿನವರೆಗೆ ಡಾಂಬರು. ಹಟ್ಟಿಯವರಿಗೆ ಗುಡ್ಡದ ಬುಡದಲ್ಲಿ ಕಾಲೊನಿ, ಸ್ಲ್ಯಾಬಿನ ಮನೆ, ಮನೆಗೊಂದು ನಳ. ಬಲವಂತವೇನಿಲ್ಲ, ಒಪ್ಪಿದವರು ಇಳಿಯಲಿ ಎಂದು ಸಾಹೇಬರು ಸಭೆ ಕರೆದು ಹೇಳಿದ್ದರು. ಏನು ಧಾರಾಳ! ಒಂದು ಮನೆ ಕೆಡವಿದರೆ ಪಕ್ಕದ ಮನೆಯ ಗೋಡೆಗೆ ಆಸರೆ ಎಲ್ಲಿದೆ? ಅದಕ್ಕೇ ಎಲ್ಲರೂ ಬೀರಪ್ಪನ ಗುಡಿಗೆ ಹೋಗಿ ಭಂಡಾರ ಮುಟ್ಟಿದ್ದರು. ಹೋದರೆ ಎಲ್ಲರೂ, ಉಳಿದರೆ ಎಲ್ಲರೂ. ಅರಿಶಿನದ ಆ ಪುಡಿ ಮುಟ್ಟಿ ಆಡಿದ ಮಾತಿನ ಮೇಲೆ ಇನ್ನು ಯಾರೂ ಯಾರನ್ನೂ ‘ಗಟ್ಟಿ ಅದೀಯೇನು?’ ಎಂದು ಕೇಳುವಂತಿಲ್ಲ. ಕೇಳಿದರೆ ಎದುರಿನವನ ಮೇಲೆ ಸಂಶಯಪಟ್ಟಂತೆ, ದೇವರ ಮೇಲೂ ಪಟ್ಟಂತೆ. ಹಾಗೆ ಕೇಳಿದವನ ಮನೆಯ ನೀರನ್ನು ಹಟ್ಟಿಯಲ್ಲಿ ಯಾರೂ ಮುಟ್ಟುವುದಿಲ್ಲ. ಆದ್ದರಿಂದ ಹುಲಗಪ್ಪ ಬಾಯಿಗೆ ಬೀಗ ಹಾಕಿಕೊಂಡು ಮಾಳಿಗೆಗಳನ್ನು ನೋಡುತ್ತಿದ್ದ.

‘‘ಏನ್ರಿ, ಮಣ್ಣು ತರಸೂದಿಲ್ಲೇನು?’’ ಚಹದ ಕಪ್ಪು ಮುಂದಿಡುತ್ತಾ ಹೆಂಡತಿ ಶಿವಲಿಂಗಮ್ಮ ಕೇಳಿದಳು. ‘‘ರೋಹಿಣಿ ತಲಿಮ್ಯಾಲ ಬಂತು.’’

‘‘ಎಲ್ಲಾರದೂ ಆಗ್ಲಿ ತಡಿ.’’

‘‘ನಮ್ಮದಾಗದ ಎಲ್ಲಾರದೂ ಯಾವಾಗ ಆಗೈತಿ? ಪ್ರತಿ ವರ್ಷ ನಮ್ಮದಽ ಅಲ್ಲೇನು ಮೊದಲ ಬೀಳೂದು? ಸುಮ್ಮನ ಮುಜೀಬಗ ಹೇಳಿ ಬರ್ರಿ.’’

ಪ್ರತಿ ವರ್ಷ ಮೊದಲು ಬೀಳುತ್ತಿದ್ದುದಕ್ಕೆ ಕಾರಣ ಇವಳ ಕಾಟವೇ ಹೊರತು ಇನ್ನೇನು ಎಂದುಕೊಳ್ಳುತ್ತಾ ಹುಲಗಪ್ಪ ಚಹ ಹೀರಿದ. ಆದರೆ ಇವತ್ತು ಇವಳಿಗೇಕೆ ಇಷ್ಟು ಅವಸರ? ಮೇಲೆ ಮೇಲೆ ಮಣ್ಣು ಮಣ್ಣು ಅನ್ನುತ್ತಾಳೆ, ಸರಿ. ಆದರೆ ಕಾಲೊನಿಯ ಮಾತು ಬಂದ ದಿನ, ‘‘ನಳ ಒಳಗಽ ಇರತೈತೇನು, ಹೊರಗೋ?’’ ಎಂದು ಕೇಳಿದವಳೂ ಇವಳೇ. ಒಳಗೆ ಅಂದಾಗ ಇವಳ ಮುಖದಲ್ಲಿ ಏನೋ ಹೊಳೆದು ಹೋದದ್ದನ್ನು ಅವನು ಮರೆತಿಲ್ಲ. ಮದುವೆಯಾಗಿ ಬಂದಾಗಿನಿಂದ ಕೆಳಗಿನ ಬಾವಿಯಿಂದ ಕೊಡ ಹೊತ್ತು ಹತ್ತಿದವಳು. ನೆತ್ತಿಯ ಮೇಲೆ ಸಿಂಬೆ ಕೂತ ಜಾಗದಲ್ಲಿ ಕೂದಲೇ ಇಲ್ಲ. ಅದನ್ನು ನೆನೆದರೆ ಅವನಿಗೆ ಇವಳ ಮೇಲೇ ಸಿಟ್ಟು ಬರುತ್ತದೆ. ತನಗೂ ನಳ ಬೇಡವೆಂದೇನಲ್ಲ. ಸಭೆಯಲ್ಲಿ ನಳದ ಮಾತು ಬಂದಾಗ ತನ್ನ ತಲೆಯೂ ಹೂಂ ಎಂದು ಆಡಿತ್ತು, ಯಾರಾದರೂ ನೋಡಿದರೇನೋ ಎಂದು ಆಮೇಲೆ ಟವೆಲ್ಲಿನಿಂದ ಮುಖ ಒರೆಸಿಕೊಂಡಿದ್ದ. ಆದರೆ ಕಾಲೊನಿಯಲ್ಲಿ ಆಡಿಗೆ ದೊಡ್ಡಿ ಇಲ್ಲ. ಆಡು ಬಿಟ್ಟರೆ ತಾನು ಮಾಡುವುದೇನು, ಗಾಡಿ ಕಾಯುವುದೇ? ಅದೂ ಹೋಗಲಿ, ಅಲ್ಲಿ ಎಲ್ಲ ಮನೆಯೂ ಒಂದೇ ಅಳತೆಯವು, ಒಂದೇ ಬಣ್ಣದವು. ಹಿರೇಮನಿ ಯಾವುದೆಂದು ಯಾರಿಗೆ ಗೊತ್ತಾಗಬೇಕು? ಈ ಕೊನೆಯ ಮಾತನ್ನು ಅವನು ಯಾರ ಮುಂದೆಯೂ ಆಡಿರಲಿಲ್ಲ.

ಬಿಸಿಲು ಏರುವ ಮೊದಲು ಆಡುಗಳನ್ನು ಕಾಲುದಾರಿಗೆ ಬಿಟ್ಟು ಕೆಳಗಿಳಿದ. ಮುಜೀಬನನ್ನು ನೋಡಬೇಕಿತ್ತು. ಮಣ್ಣು ತರಿಸಲಿಕ್ಕಲ್ಲ, ಯಾರು ತರಿಸಲು ಹೇಳಿದ್ದಾರೆ ಎಂದು ತಿಳಿಯಲಿಕ್ಕೆ. ಹಟ್ಟಿಗೆ ಮಣ್ಣು ಹೇರುವುದು ಅವನ ಟ್ರ್ಯಾಕ್ಟರೊಂದೇ. ಗುಡ್ಡದ ಹಿಂದಿನ ಬಂಡಿದಾರಿಯಲ್ಲಿ ಹುಲಗಪ್ಪನ ಮನೆಯ ಬೆನ್ನಿಗೆ ತಂದು ಸುರುವಿದರೆ, ಅಲ್ಲಿಂದ ಬುಟ್ಟಿ ಹೊತ್ತು ಮಾಳಿಗೆಯ ಮೇಲಿಂದ ಮಾಳಿಗೆಗೆ ಇಳಿಸಿಕೊಳ್ಳುವುದು. ಅಪ್ಪ ಇದ್ದಾಗ ಕತ್ತೆಯ ಮೇಲೆ ತರುತ್ತಿದ್ದರು. ಅಪ್ಪ ಮಣ್ಣು ತುಳಿಯುವಾಗ ಮಾತಾಡುತ್ತಿರಲಿಲ್ಲ, ಎರಡೂ ಕೈ ಹಿಂದೆ ಕಟ್ಟಿ, ಗಲ್ಲ ಎದೆಗೆ ತಾಗಿಸಿ, ಕುಂಬಿಯ ಅಂಚಿನಿಂದ ಶುರು ಮಾಡಿ ಸುತ್ತಿ ಸುತ್ತಿ ನಡುವಿಗೆ ಬರುತ್ತಿದ್ದ. ಕೆಳಗಿನ ಮಾಳಿಗೆಗಳ ಮೇಲೆ ಜನ ಬುಟ್ಟಿ ಹಿಡಿದು ನಿಂತಿರುತ್ತಿದ್ದರು. ಅಪ್ಪನನ್ನು ನೋಡಲು ನಿಂತಿದ್ದಾರೆಂದು ಹುಡುಗ ಹುಲಗಪ್ಪನಿಗೆ ಹೆಮ್ಮೆಯೋ ಹೆಮ್ಮೆ. ಕಾಲು ಕಲ್ಲಿಗೆ ಎಡವಿತು. ಸಾಹೇಬರ ಆ ಸಭೆಯಲ್ಲಿ ಗೋಡೆಗೆ ಅಂಟಿಸಿದ್ದ ಗುಡ್ಡದ ಚಿತ್ರದಲ್ಲಿ ಅವನು ತನ್ನ ಮನೆ ಹುಡುಕಿದ್ದ. ಹಸಿರು ಮರ, ಬಿಳಿ ಕಾರು, ಕೊಡೆಯ ಕೆಳಗೆ ಕೂತ ಹೆಣ್ಣುಮಗಳು, ಎಲ್ಲ ಇದ್ದವು. ಬೆರಳು ಇಟ್ಟು ಹುಡುಕುತ್ತಿದ್ದವನನ್ನು ನೋಡಿ ಇಂಜಿನಿಯರ್ ಹುಡುಗಿ, ‘‘ಅಜ್ಜಾರ, ಅದು ಆಮ್ಯಾಲಿಂದರಿ, ಈಗಿಂದಲ್ಲ’’ ಎಂದು ನಕ್ಕಿದ್ದಳು. ಪ್ರೀತಿಯಿಂದಲೇ ನಕ್ಕಳು. ಹಟ್ಟಿಯವರೂ ನಕ್ಕರು. ಕಸ್ತೂರೆಮ್ಮ ಸೆರಗು ಬಾಯಿಗಿಟ್ಟುಕೊಂಡದ್ದನ್ನು ಅವನು ಕಣ್ಣಂಚಿನಲ್ಲಿ ನೋಡಿದ್ದ. ಅವತ್ತೇ ಅಂದುಕೊಂಡ, ಇವಳೇ ಮೊದಲು ಜಾರುವವಳು ಎಂದು.

ಬೇವಿನ ಮರದ ನೆರಳಲ್ಲಿ ಮುಜೀಬ ಟ್ರ್ಯಾಕ್ಟರಿನ ಗಾಲಿ ಬಿಚ್ಚಿಕೊಂಡು ಕೂತಿದ್ದ.

‘‘ಬರ್ರಿ ಕಾಕಾ, ಕುಂದರ್ರಿ. ಚಾ ಹೇಳ್ಲಿ?’’

‘‘ಚಾ ಆತು. ಏನು, ನಮ್ಮ ಹಟ್ಟಿ ಕಡೆ ಗಾಡಿ ಬರವಲ್ದಲ್ಲ?’’

‘‘ಹೇಳಿದ್ರಲ್ರೀ ಬರೂದು! ಒಬ್ಬರೂ ಹೇಳಿ ಕಳಿಸಿಲ್ಲ. ನಾನಽ ಕೇಳಬೇಕಂತಿದ್ದೆ, ನೀವು ಯಾವಾಗ ಹೇಳ್ತೀರಿ?’’

‘‘ನಾ ಹೇಳಬೇಕೇನು?’’

‘‘ಮತ್ತ್ಯಾರು ಹೇಳ್ತಾರ್ರೀ?’’ ಮುಜೀಬ ತಲೆಯೆತ್ತಿ ನೋಡಿ, ಮತ್ತೆ ಗಾಲಿಗೆ ಬಗ್ಗಿದ.

ಒಬ್ಬರೂ ಇಲ್ಲ! ಒಬ್ಬಿಬ್ಬರಾದರೂ ಗಟ್ಟಿ ಇರುತ್ತಾರೆ ಎಂಬ ಆಸೆ ತನ್ನೊಳಗೆಲ್ಲೋ ಇದ್ದದ್ದು ಹುಲಗಪ್ಪನಿಗೆ ಈಗ ತಿಳಿಯಿತು. ಅದರ ಹಿಂದೆಯೇ ಇನ್ನೊಂದು ಹುಳ ತಲೆಯೊಳಗೆ ಹೊಕ್ಕಿತು. ಈ ಮುಜೀಬ ಹೇಳಿದ್ದೇ ಖರೆ ಎಂದು ಏನು ನಂಬಿಕೆ? ಟ್ರಾಲಿಯ ತಳದಲ್ಲಿ ಜಲ್ಲಿಯ ಬಿಳಿ ಹುಡಿ ಕೂತಿತ್ತು. ಕೇಳಿದರೆ, ‘‘ರೋಡಿನ ಕೆಲಸಾರಿ, ಕರದ್ರು, ಹೊಂಟೀನಿ’’ ಎಂದು ಏನೂ ಆಗದವನಂತೆ ಹೇಳಿದ. ಹಟ್ಟಿ ಇಳಿದರೆ ಇವನಿಗೆ ಕೈತುಂಬ ಕೆಲಸ. ಯಾರದೋ ಮಾತು ತಂದು ಯಾರಿಗೋ ಮುಟ್ಟಿಸಿ, ಮಣ್ಣು ಹಾಕಬೇಡಿ ಎಂದು ಒಬ್ಬೊಬ್ಬರ ಕಿವಿ ಊದಿರಬಹುದು. ಮುಜೀಬನ ಅಪ್ಪ ಬಾಬಾಸಾಬ ಕತ್ತೆ ಹೊಡೆದುಕೊಂಡು ಹಟ್ಟಿಗೆ ಬರುತ್ತಿದ್ದಾಗ ತನ್ನ ಅಪ್ಪನೂ ಅವನೂ ಒಂದೇ ತಟ್ಟೆಯಲ್ಲಿ ರೊಟ್ಟಿ ಮುರಿಯುತ್ತಿದ್ದರು. ಅಂಥವರ ಮಗನನ್ನು ಹೀಗೆ ಅಂದುಕೊಂಡೆನಲ್ಲ ಎಂದು ನಾಚಿಕೆಯಾಯಿತು. ನಾಚಿಕೆಯಾದರೂ ಅಂದುಕೊಳ್ಳುವುದು ನಿಲ್ಲಲಿಲ್ಲ. ‘‘ಬರತೀನಿ’’ ಎಂದು ಎದ್ದ. ‘‘ಮಣ್ಣು, ಕಾಕಾ?’’ ಎಂದು ಮುಜೀಬ ಹಿಂದಿನಿಂದ ಕೂಗಿದ್ದು ಕೇಳಿಸಿತು. ಕೇಳಿಸದವನಂತೆ ನಡೆದ.

ಗುಡ್ಡದ ತಿರುವಿನಲ್ಲಿ ಗವಿಸಿದ್ದೇಶ ಬೈಕು ದಬ್ಬಿಕೊಂಡು ಬರುತ್ತಿದ್ದ. ಹಟ್ಟಿಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದವನು ಅವನೊಬ್ಬನೇ. ಈಗ ಆನೆಗುಂದಿ ಕಡೆ ಬರುವವರಿಗೆ ಊರು ತೋರಿಸುವ ಕೆಲಸ. ಹುಲಗಪ್ಪನನ್ನು ನೋಡಿದ್ದೇ ಹೆಲ್ಮೆಟ್ಟು ತೆಗೆದು, ಬಗ್ಗಿ ಕಾಲು ಮುಟ್ಟಿದ. ಯಾವ ಹಬ್ಬವೂ ಅಲ್ಲ, ಹುಣ್ಣಿವೆಯೂ ಅಲ್ಲ.

‘‘ಏನೋ ಇದು, ನಡು ದಾರ್ಯಾಗ?’’

‘‘ಏನಿಲ್ಲ ಕಾಕಾ. ನಿಮ್ಮಂಥ ಹಿರ್ಯಾರು ಇರಬೇಕ್ರಿ. ನಿಮಗ ಎಷ್ಟು ಕಷ್ಟ ಆಗಿರಬೇಕಂತ ನಮಗ ತಿಳೀತೈತಿ.’’ ಅವನ ಕಣ್ಣು ಒದ್ದೆಯಾದಂತಿತ್ತು. ‘‘ಏನೂ ಮಾತಾಡಬ್ಯಾಡ್ರಿ. ನಾವೂ ಮಾತಾಡೂದಿಲ್ಲ.’’

ಅಷ್ಟು ಹೇಳಿ ಬೈಕು ದಬ್ಬಿಕೊಂಡು ಹೋದ. ಹುಲಗಪ್ಪ ನಿಂತಲ್ಲೇ ನಿಂತ. ಎಂಥ ನಾಟಕ! ಕಾಲು ಮುಟ್ಟಿ ಬಾಯಿ ಮುಚ್ಚಿಸುತ್ತಾನೆ. ಎಲ್ಲ ಮಾಡಿ ಮುಗಿಸಿಕೊಂಡು ಬಂದಿದ್ದಾರೆ, ಈಗ ಸಮಾಧಾನ ಹೇಳಲಿಕ್ಕೆ ಈ ಹುಡುಗನನ್ನು ಬಿಟ್ಟಿದ್ದಾರೆ. ಹಿರೇಮನಿಯವನಿಗೆ ಕಷ್ಟವಾಗಿರಬೇಕಂತೆ! ಇವನ ಅಪ್ಪನಿಗೆ ಹಾವು ಕಡಿದಾಗ ಹೊತ್ತುಕೊಂಡು ಗುಡ್ಡ ಇಳಿದವನು ತಾನು. ಅದನ್ನು ಈಗ ನೆನೆಸಿಕೊಳ್ಳುವುದೂ ಸಣ್ಣತನವೇ ಎಂದು ಗೊತ್ತಿದ್ದೂ ನೆನೆಸಿಕೊಂಡ. ಗುಡ್ಡ ಹತ್ತುವಷ್ಟರಲ್ಲಿ ಅವನಿಗೆ ಒಂದೇ ಒಂದು ಬೇಕಾಗಿತ್ತು. ಕಣ್ಣಾರೆ ನೋಡಬೇಕು. ಯಾರಾದರೂ ಒಬ್ಬರು ಗಂಟುಮೂಟೆ ಕಟ್ಟಿದ್ದನ್ನು ಕಂಡು, ಎಳೆದು ತಂದು ಬೀರಪ್ಪನ ಗುಡಿ ಮುಂದೆ ನಿಲ್ಲಿಸಿದರೆ, ಉಳಿದವರಿಗೆ ಬುದ್ಧಿ ಬಂದು ಹಟ್ಟಿ ಉಳಿಯುತ್ತದೆ.

ಮಧ್ಯಾಹ್ನ ಉಂಡು ಎಲ್ಲರೂ ಅಡ್ಡಾದ ಹೊತ್ತಿನಲ್ಲಿ ಅವನು ಮಾಳಿಗೆ ಹತ್ತಿದ. ಕೆರ ಬಿಟ್ಟು ಬಂದಿದ್ದ. ಕಾದ ಮಣ್ಣು ಅಂಗಾಲು ಸುಡುತ್ತಿತ್ತು. ಕಸ್ತೂರೆಮ್ಮನ ಮಾಳಿಗೆಗೆ ಇಳಿದು, ನಡುವಿನ ಬೆಳಕಿಂಡಿಯ ಮೇಲೆ ಮುಚ್ಚಿದ್ದ ತಗಡನ್ನು ಒಂದು ಗೇಣು ಸರಿಸಿದ. ಮೊಣಕಾಲೂರಿ ಬಗ್ಗಿದ. ವರಸೆಯಲ್ಲಿ ಅಣ್ಣನ ಹೆಂಡತಿ, ಗಂಡ ಸತ್ತ ಹೆಂಗಸು, ಒಬ್ಬಳೇ ಇರುವ ಮನೆ. ಯಾರಾದರೂ ನೋಡಿದರೆ ಹಟ್ಟಿಯಲ್ಲಿ ತಲೆ ಎತ್ತುವ ಹಾಗಿಲ್ಲ. ಆದರೂ ಇನ್ನಷ್ಟು ಬಗ್ಗಿದ. ಕತ್ತಲೆಗೆ ಕಣ್ಣು ಹೊಂದಿಕೊಂಡಂತೆ ಮೊದಲು ಟ್ರಂಕು ಕಂಡಿತು, ಅದಕ್ಕೆ ಸುತ್ತಿದ ಹಗ್ಗ ಕಂಡಿತು. ಗೂಟದ ಮೇಲಿನ ಕೌದಿಗಳು ಇಳಿದು ಗಂಟಾಗಿದ್ದವು. ಒಲೆಯ ಪಕ್ಕ ನೆಲದಲ್ಲಿ ಒಂದು ಗುಂಡಿ. ನೆಲದೊಳಗೆ ಹೂತಿದ್ದ ಒರಳನ್ನು ಕಿತ್ತು ಮಗ್ಗುಲಿಗೆ ಉರುಳಿಸಿದ್ದಳು. ಒರಳು ಕಿತ್ತ ಮೇಲೆ ಆ ಮನೆಯಲ್ಲಿ ಸಂಸಾರ ಮುಗಿಯಿತೆಂದೇ ಲೆಕ್ಕ. ಸಿಕ್ಕಿದಳು! ಅಂದುಕೊಂಡದ್ದು ಖರೆಯಾಯಿತು ಎಂಬ ಒಂದು ಹೇಸಿಗೆಯ ಖುಷಿ ಅವನ ಗಂಟಲಿಗೆ ಬಂತು.

‘‘ಯಾರದು? ಹುಲಗಪ್ಪನೇನು?’’

ಗುಂಡಿಯ ಪಕ್ಕದ ನೆರಳಲ್ಲಿ ಗೋಡೆಗೊರಗಿ ಕೂತಿದ್ದ ಕಸ್ತೂರೆಮ್ಮ ಕತ್ತು ಮೇಲೆ ಮಾಡಿ ಅವನನ್ನೇ ನೋಡುತ್ತಿದ್ದಳು. ಈಗಷ್ಟೇ ನೋಡಿದ್ದಲ್ಲ. ತಗಡು ಸರಿದಾಗಿನಿಂದಲೂ ನೋಡುತ್ತಿದ್ದಳು. ‘‘ಅಲ್ಲ್ಯಾಕ ಬಗ್ಗಿ? ಬಾಗಲದಾಗ ಬಾ’’ ಎಂದಳು, ಸಿಟ್ಟಿಲ್ಲದೆ.

ಅವಳು ಬೈದಿದ್ದರೆ ಚೆನ್ನಾಗಿತ್ತು. ಹುಲಗಪ್ಪ ಏಣಿ ಇಳಿದು ಅವಳ ಬಾಗಿಲಿಗೆ ಬರುವಷ್ಟರಲ್ಲಿ ನಾಚಿಕೆಯನ್ನೆಲ್ಲ ಸಿಟ್ಟು ಮಾಡಿಕೊಂಡಿದ್ದ. ‘‘ಏನ್ ವೈನಿ ಇದು? ಭಂಡಾರ ಮುಟ್ಟಿದ ಕೈಯಿಂದಽ ಒರಳು ಕಿತ್ತಿ? ನಾಚಿಕಿ ಆಗಲಿಲ್ಲೇನು?’’ ದನಿ ಏರಿತು. ಹಟ್ಟಿಯ ಬಾಗಿಲುಗಳು ಒಂದೊಂದಾಗಿ ತೆರೆದವು. ಶಿವಲಿಂಗಮ್ಮನೂ ಹೊರಗೆ ಬಂದಳು.

ಕಸ್ತೂರೆಮ್ಮ ಅವನ ಮುಖವನ್ನೇ ನೋಡಿದಳು. ‘‘ನೀ ಹಿಂಗ್ಯಾಕ ಮಾತಾಡ್ತಿ? ನೀ ಹೊಂಟಿದ್ದಕ್ಕಽ ಅಲ್ಲೇನು ನಾ ಕಿತ್ತಿದ್ದು?’’

‘‘ನಾ ಎಲ್ಲಿ ಹೊಂಟೇನಿ?’’

‘‘ಮತ್ತ ಮಣ್ಣು ಯಾಕ ಹಾಕಲಿಲ್ಲ? ಮ್ಯಾಲಿನ ಮನಿಗೆ ಮಣ್ಣು ಬೀಳದ ಕೆಳಗಿನವರು ಹೆಂಗ ಹಾಕೂದು? ನಿನ್ನ ಮಾಳಿಗಿ ನೀರು ಹಳೇ ಮಣ್ಣು ಕೊಚ್ಚಿಕೊಂಡು ನನ್ನ ಮಾಳಿಗಿಗೆ ಬರತೈತಿ, ನನ್ನದರಿಂದ ಮುಂದಿನ ಮನಿಗೆ. ನಿಮ್ಮಪ್ಪ ತುಳದು ಮುಗಸೂತನಕ ನಾವು ಬುಟ್ಟಿ ಹಿಡಕೊಂಡು ನಿಂತಿರತಿದ್ವಿ. ನಿನ್ನ ಕಾಲಕ್ಕೂ ಹಂಗಽ. ಹಿರೇಮನಿದು ಆದ ಮ್ಯಾಲೇನ ನಮ್ಮದು. ನಿನಗ ಗೊತ್ತಿಲ್ಲೇನು?’’

ಗೊತ್ತಿರಲಿಲ್ಲ. ಬೀರಪ್ಪನಾಣೆಗೂ ಗೊತ್ತಿರಲಿಲ್ಲ. ಎಲ್ಲರಿಗಿಂತ ಮೇಲಿನ ಮನೆಯಲ್ಲಿ ಹುಟ್ಟಿದವನು ಅವನು, ಮಣ್ಣು ಹಾಕಲಿಕ್ಕೆ ಯಾರಿಗೂ ಕಾದವನಲ್ಲ. ಕೆಳಗೆ ಬುಟ್ಟಿ ಹಿಡಿದು ನಿಂತವರು ತಮ್ಮ ಸರದಿಗೆ ನಿಂತಿದ್ದಾರೆಂದು ಇಷ್ಟು ವಯಸ್ಸಾದರೂ ಅವನಿಗೆ ಹೊಳೆದಿರಲಿಲ್ಲ.

‘‘ಬಸವ ಜಯಂತಿ ಆತು, ನಿನ್ನ ಮಾಳಿಗಿ ಬೋಳು. ಅಮಾಸಿ ಆತು, ಬೋಳು’’ ಎಂದಳು ಕಸ್ತೂರೆಮ್ಮ. ‘‘ಕೇಳೂಣಂದ್ರ ಭಂಡಾರ ಮುಟ್ಟೇವಿ, ಹೆಂಗ ಕೇಳೂದು? ಹಿರೇಮನಿ ಇಳಿಯೂದು ಖರೆ ಅಂತ ತಿಳಕೊಂಡ್ವಿ. ಹೋದ್ರ ಎಲ್ಲಾರೂ ಅಂತ ಆಣಿ ಮಾಡಿದ್ವಲ್ಲ, ನಿನ್ನನ್ನ ಒಬ್ಬನ್ನಽ ಬಿಡಬಾರದಂತ ಮೊನ್ನಿ ಎಲ್ಲಾರೂ ಹೋಗಿ ಒಪ್ಪಿಗಿ ಕೊಟ್ಟು ಬಂದ್ವಿ. ನಿಂದು ಮುಂಚೇನ ಆಗೈತಿ ಅನ್ಕೊಂಡು ನಿನ್ನ ಕರೀಲಿಲ್ಲ.’’

ಗವಿಸಿದ್ದೇಶ ಮನೆಯ ಹೊರಗೋಡೆಯ ಮೂಲೆಯಲ್ಲಿ ತಲೆ ತಗ್ಗಿಸಿ ನಿಂತಿದ್ದ. ಹುಲಗಪ್ಪ ಒಬ್ಬೊಬ್ಬರ ಮುಖವನ್ನೂ ನೋಡಿದ. ಇವರೆಲ್ಲ ಸೇರಿ ಕಟ್ಟಿದ ಕತೆ ಇರಬಹುದೇ? ನಳದ ಆಸೆಗೆ ಹೋಗಿ ಒಪ್ಪಿ ಬಂದು, ಈಗ ನನ್ನ ಮಾಳಿಗೆಯ ಮೇಲೆ ಹಾಕುತ್ತಿದ್ದಾರೆಯೇ? ಹಾಗಿದ್ದರೆ ಎಷ್ಟು ಚೆನ್ನಾಗಿತ್ತು! ಆದರೆ ಕಸ್ತೂರೆಮ್ಮ ಅಳುತ್ತಿದ್ದಳು.

‘‘ನನಗ ಹೋಗಾಕ ಮನಸಿಲ್ಲೋ ಹುಲಗಪ್ಪ’’ ಎಂದು ಸೆರಗಿನಿಂದ ಮೂಗು ಒರೆಸಿಕೊಂಡಳು. ‘‘ಯಾರಿಗೂ ಇಲ್ಲ. ಇವತ್ತ ಸಂಜೀತನಕ ಹಿಂದಕ್ಕ ತಗೋಬಹುದಂತ ಆ ಸಾಹೇಬರು ಅಂದಾರ. ನೀ ಒಪ್ಪಿಲ್ಲಂದ್ರ ಒಪ್ಪಿಲ್ಲಂತ ಹೇಳು. ಈಗಿಂದೀಗ ಎಲ್ಲಾರೂ ಇಳದು ಹೋಗಿ ಬ್ಯಾಡಂತ ಹೇಳಿ ಬರತೀವಿ, ಈ ಒರಳು ನಾನಽ ಮತ್ತ ಹೂಳತೀನಿ. ಒಂದಽ ಮಾತು ಹೇಳು. ಒಪ್ಪದಿದ್ದವ ಮಣ್ಣು ಯಾಕ ಹಾಕಲಿಲ್ಲ?’’

ಉತ್ತರ ನಾಲಿಗೆಯ ಮೇಲೇ ಇತ್ತು. ನಿಮ್ಮನ್ನು ಪರೀಕ್ಷೆ ಮಾಡಲಿಕ್ಕೆ. ಭಂಡಾರ ಮುಟ್ಟಿ ಬಂದ ರಾತ್ರಿಯಿಂದಲೇ ನಿಮ್ಮಲ್ಲಿ ಒಬ್ಬರನ್ನೂ ನಾನು ನಂಬಲಿಲ್ಲ, ಅದಕ್ಕೆ. ಅಷ್ಟು ಹೇಳಿಬಿಟ್ಟರೆ ಹಟ್ಟಿ ಉಳಿಯುತ್ತಿತ್ತು. ಹೇಳಿದ ಮೇಲೆ ಈ ಹಟ್ಟಿಯಲ್ಲಿ ತಾನು ಹೇಗೆ ಉಳಿಯುವುದು? ನಾಳೆ ಇದೇ ಕಸ್ತೂರೆಮ್ಮ ತನ್ನ ಮನೆಯ ನೀರಿಗೆ ಕೈ ಒಡ್ಡುತ್ತಾಳೆಯೇ? ಕಾಲು ಮುಟ್ಟಿದ ಈ ಹುಡುಗ? ಬೆಳಕಿಂಡಿಯಲ್ಲಿ ಬಗ್ಗಿದವನು ಯಾಕೆ ಬಗ್ಗಿದ ಎಂದು ಆಗ ಎಲ್ಲರಿಗೂ ಗೊತ್ತಾಗುತ್ತದೆ. ಅವರ ಕಣ್ಣಲ್ಲಿ ತಾನು ಈಗ ಕಷ್ಟಪಟ್ಟು ತೀರ್ಮಾನ ಮಾಡಿದ ಹಿರಿಯ. ಒಂದು ಮಾತಿಗೆ ಏನಾಗಿಬಿಡುತ್ತಾನೆ! ಹೇಳು, ಹೇಳು ಎಂದು ಒಳಗೆ ಯಾರೋ ಕೂಗುತ್ತಿದ್ದರು.

‘‘ನಾ ಒಪ್ಪಿದ್ದೆ ವೈನಿ’’ ಎಂದ ಹುಲಗಪ್ಪ. ‘‘ಯುಗಾದಿಗಿಂತ ಮೊದಲಽ ಒಪ್ಪಿದ್ದೆ. ಹೇಳಾಕ ಬಾಯಿ ಬರಲಿಲ್ಲ, ಅದಕ್ಕಽ ನಿನ್ನ ಮ್ಯಾಲ ಹರಿಹಾಯ್ದೆ.’’

ಕಸ್ತೂರೆಮ್ಮ ಇನ್ನಷ್ಟು ಹೊತ್ತು ಅವನನ್ನು ನೋಡಿದಳು. ‘‘ಆತು ಬಿಡಪಾ’’ ಎಂದು ಒಳಗೆ ಹೋಗಿ ಕೌದಿಯ ಗಂಟನ್ನು ಬಾಗಿಲ ಹತ್ತಿರ ಎಳೆದಿಟ್ಟಳು. ಗವಿಸಿದ್ದೇಶ ಹತ್ತಿರ ಬಂದು ಕಾಕಾನ ತೋಳು ಒತ್ತಿದ. ಮಿಕ್ಕವರು ಒಬ್ಬೊಬ್ಬರಾಗಿ ಬಾಗಿಲು ದೂಡಿಕೊಂಡು ಒಳಗೆ ಹೋದರು. ಬೆಳಿಗ್ಗೆ ಕೂಡ ಮಣ್ಣು ತರಿಸಿ ಎಂದಿದ್ದ ಶಿವಲಿಂಗಮ್ಮ ಮಾತ್ರ ಅಲ್ಲೇ ನಿಂತಿದ್ದಳು. ಅವಳಿಗೆ ಎಲ್ಲವೂ ಗೊತ್ತಿತ್ತು, ಅವನು ಎಲ್ಲಿಗೂ ಹೋಗಿಲ್ಲ, ಯಾರಿಗೂ ಒಪ್ಪಿಲ್ಲ ಎಂಬುದು ಗೊತ್ತಿತ್ತು. ಈಗ ಬಾಯಿಬಿಡುತ್ತಾಳೆ, ಈಗ ಎಲ್ಲರನ್ನೂ ಕೂಗಿ ಕರೆಯುತ್ತಾಳೆ ಎಂದು ಅವನು ಹೆದರಿಕೊಂಡು ಕಾದ. ಕರೆಯಲಿ ಎಂದೂ ಕಾದ. ಅವಳು ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ‘‘ನಡೀರಿ, ನಮ್ಮ ಒರಳೂ ಕೀಳಬೇಕಲ್ಲ’’ ಎಂದಳು. ಆ ದನಿಯಲ್ಲಿ ಇದ್ದದ್ದು ಸಿಟ್ಟೋ, ಸಮಾಧಾನವೋ? ಹುಲಗಪ್ಪ ಅವಳ ಹಿಂದೆ ಮೇಲಿನ ತಮ್ಮ ಮನೆಗೆ ಹತ್ತುತ್ತಾ ಕಿವಿಗೊಟ್ಟು ಕೇಳಿದ. ಅವಳು ಹೊಸ್ತಿಲು ದಾಟಿದ್ದೇ ಮೂಲೆಯ ಹಾರೆ ಎತ್ತಿಕೊಂಡಳು.